ಒಸಾಕಾದ ಗಾಜಿನಾಚೆಯ ತಾತ: ಈ ಫೋಟೋ ಇಟ್ಟುಕೊಳ್ಳಲಾ, ಅಳಿಸಲಾ?

ದಾರಿಹೋಕ:

ಎಲ್ಲರಿಗೂ ನಮಸ್ಕಾರ. ಕಂಪನಿ ಕೆಲಸದ ಮೇಲೆ ಐದು ವಾರಕ್ಕೆ ಒಸಾಕಾಗೆ ಬಂದಿದ್ದೇನೆ. ಎರಡು ವಾರ ಆಯಿತು. ವಾರವಿಡೀ ಆಫೀಸು, ಶನಿವಾರ ಭಾನುವಾರ ಕ್ಯಾಮೆರಾ ಹಿಡಿದು ಅಲೆದಾಟ.

ಬೆಂಗಳೂರಲ್ಲಿ ಕೆ.ಆರ್. ಮಾರ್ಕೆಟ್, ಅವೆನ್ಯೂ ರೋಡ್ ಕಡೆ ನಾಲ್ಕೈದು ವರ್ಷದಿಂದ ಬೀದಿ ಫೋಟೋ ತೆಗೆಯುತ್ತಿದ್ದೇನೆ. ಅಲ್ಲಿನ ಕಷ್ಟವೇ ಬೇರೆ. ಕ್ಯಾಮೆರಾ ಎತ್ತಿದ ಕೂಡಲೇ ಹೂ ಮಾರುವವರು "ಅಣ್ಣಾ, ನಂದೂ ಒಂದು" ಅಂತ ಎದೆ ಸೆಟೆದು ನಿಂತುಬಿಡುತ್ತಾರೆ. ಸಹಜವಾಗಿದ್ದದ್ದು ಅಲ್ಲಿಗೆ ಹೋಯಿತು. ಇಲ್ಲಿ ಯಾರೂ ತಿರುಗಿ ಸಹ ನೋಡುವುದಿಲ್ಲ. ಸ್ವರ್ಗ ಅಂದರೆ ಇದೇ ಅಂದುಕೊಂಡಿದ್ದೆ, ಮೊನ್ನೆ ಭಾನುವಾರದ ತನಕ.

ಶಿನ್‌ಸೆಕಾಯಿ ಅಂತ ಹಳೇ ಬಡಾವಣೆ. ನಡುವೆ ತ್ಸುಟೆನ್‌ಕಾಕು ಗೋಪುರ. ಅದರ ಪಕ್ಕಕ್ಕೆ ಜಾನ್‌ಜಾನ್ ಯೊಕೊಚೊ ಅನ್ನುವ ಓಣಿ. ಮೇಲೆ ಸೂರು ಇದೆ, ಎದುರಿನಿಂದ ಸೈಕಲ್ ಬಂದರೆ ಪಕ್ಕಕ್ಕೆ ಸರಿಯಬೇಕು, ಅಷ್ಟೇ ಅಗಲ. ಹಿಂದೆ ಗಿರಾಕಿ ಕರೆಯಲು ಅಂಗಡಿಗಳಲ್ಲಿ ಶಾಮಿಸೆನ್ ಅನ್ನುವ ತಂತಿವಾದ್ಯ ಬಾರಿಸುತ್ತಿದ್ದರಂತೆ. ಆ ಜಾನ್ ಜಾನ್ ಸದ್ದೇ ಓಣಿಗೆ ಹೆಸರಾಯಿತು. ಅಲ್ಲಿ ಶೋಗಿ ಆಡುವ ಒಂದು ಕ್ಲಬ್ ಇದೆ. ಶೋಗಿ ಅಂದರೆ ಇವರ ಚದುರಂಗ. ಓಣಿ ಕಡೆಗೆ ಪೂರ್ತಿ ಗಾಜು. ಹೋಗುವವರು ಬರುವವರು ನಿಂತು ಆಟ ನೋಡುತ್ತಾರೆ.

ಗಾಜಿನ ಪಕ್ಕದಲ್ಲೇ ಒಬ್ಬ ತಾತ. ಎಪ್ಪತ್ತೈದು ಇರಬಹುದು. ಬೂದು ಬಣ್ಣದ ಟೋಪಿ. ಕಾಯಿ ಹಿಡಿದ ರೀತಿ ನೋಡಬೇಕಿತ್ತು: ತೋರುಬೆರಳು ಕೆಳಗೆ, ನಡುಬೆರಳು ಮೇಲೆ, ನಡುವೆ ಕಾಯಿ. ಅದನ್ನು ಹಲಗೆ ಮೇಲೆ ಇಡುವುದಿಲ್ಲ, ಕುಟ್ಟುತ್ತಾರೆ. ಗಾಜಿನ ಈಚೆಗೂ ಟಕ್ ಅಂತ ಕೇಳಿಸುತ್ತದೆ. ನನಗೆ ಆ ಟಕ್ ಬೇಕಿತ್ತು. ಕ್ಯಾಮೆರಾವನ್ನು ಒಂದರ ಹಿಂದೊಂದು ಬಿಡದೆ ತೆಗೆಯುವ ಮೋಡ್‌ಗೆ ಹಾಕಿ ಒತ್ತಿ ಹಿಡಿದೆ. ಆರು ಫ್ರೇಮ್. ಐದನೆಯದರಲ್ಲಿ ತಾತ ತಲೆ ಎತ್ತಿದರು. ಆರನೆಯದರಲ್ಲಿ ಎರಡೂ ಕೈ ಎದೆಯ ಮುಂದೆ ಅಡ್ಡಡ್ಡ ಇಟ್ಟು ಗುಣಾಕಾರದ ಗುರುತು ಮಾಡಿದರು. ಇಲ್ಲಿ ಅದಕ್ಕೆ 'ಬಾತ್ಸು' ಅನ್ನುತ್ತಾರೆ. ಬೇಡ, ಇಲ್ಲ, ತಪ್ಪು, ಎಲ್ಲದಕ್ಕೂ ಅದೇ.

ನಾನು ತಲೆ ಬಗ್ಗಿಸಿ "ಸುಮಿಮಾಸೆನ್", ಕ್ಷಮಿಸಿ, ಅಂದು ಅಲ್ಲಿಂದ ಕಾಲ್ಕಿತ್ತೆ. ಕಿವಿ ಬಿಸಿಯಾಗಿತ್ತು.

ರಾತ್ರಿ ರೂಮಿನಲ್ಲಿ ನೋಡಿದೆ. ಮೊದಲ ಐದು ಏನೂ ಇಲ್ಲ, ಬರೀ ಗಾಜಿನ ಹೊಳಪು. ಆರನೆಯದು ಮಾತ್ರ... ತಾತನ ಅಡ್ಡ ಕೈಗಳು, ಪಕ್ಕದಲ್ಲಿ ಎದುರಾಳಿ ಏನೂ ಆಗಿಲ್ಲ ಅನ್ನುವ ಹಾಗೆ ಹಲಗೆ ಮೇಲೆ ಬಗ್ಗಿದ್ದಾರೆ, ಮತ್ತೆ ಆ ಎರಡು ಕೈಗಳು ಕೂಡುವ ಜಾಗದಲ್ಲಿ ಸರಿಯಾಗಿ ಗಾಜಿನಲ್ಲಿ ನನ್ನದೇ ಪ್ರತಿಬಿಂಬ, ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡು. ನಾನು ಇಷ್ಟು ವರ್ಷ ತೆಗೆದದ್ದರಲ್ಲಿ ಇದೇ ಒಳ್ಳೆಯ ಫೋಟೋ. ಆದರೆ ಇದು 'ಬೇಡ' ಅಂದ ಫೋಟೋ.

ಏನು ಮಾಡಲಿ?

ಕರಿಬಿಳಿ:

ಮೊದಲು ಫೋಟೋ ಹಾಕು ಗುರು. ನೋಡಿ ಹೇಳ್ತೀವಿ.

ದಾರಿಹೋಕ:

ಅದೇ ತಾನೇ ಪ್ರಶ್ನೆ? ಹಾಕಿದ ಮೇಲೆ ಕೇಳುವುದಕ್ಕೆ ಏನು ಉಳಿಯಿತು?

ಧಾರವಾಡ_ಮಳೆ:

ಅಳಿಸಿಬಿಡ್ರಿ. ಅವರು ಬೇಡ ಅಂದರು, ಮುಗೀತಲ್ರಿ. ಇದರಾಗ ಚರ್ಚೆ ಮಾಡುವಂಥಾದ್ದು ಏನೈತಿ?

ನಿಶಿಕಸಾಯಿ_ಅಕ್ಕ:

ಹನ್ನೊಂದು ವರ್ಷದಿಂದ ಟೋಕಿಯೊದಲ್ಲಿದ್ದೇನೆ. ಯಾವ ಕಡೆ ಅಂತ ಹೆಸರಲ್ಲೇ ಇದೆ. ಇಲ್ಲಿ ಭಾರತದವರು ಎಷ್ಟು ಜನ ಅಂದರೆ, ಕೊತ್ತಂಬರಿ ಸೊಪ್ಪಿನ ಅಂಗಡಿಗೆ ಹೋದರೆ ಒಂದು ಕನ್ನಡದ ಮಾತಾದರೂ ಕಿವಿಗೆ ಬಿದ್ದೇ ಬೀಳುತ್ತೆ.

ಯಾರೂ ತಿರುಗಿ ನೋಡುವುದಿಲ್ಲ ಅಂದಿರಿ. ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಇಲ್ಲಿನವರು ನೋಡಿಯೂ ನೋಡದ ಹಾಗೆ ಇರುತ್ತಾರೆ. ಬೀದಿಯಲ್ಲಿ ಜಗಳ ತೆಗೆಯುವುದು ಅವರಿಗೆ ಮುಜುಗರ. ಮುಖ ಪಕ್ಕಕ್ಕೆ ತಿರುಗಿಸಿ ಹೆಜ್ಜೆ ಜೋರು ಮಾಡುತ್ತಾರೆ, ಅಷ್ಟೇ. ನಿಮ್ಮ ತಾತ ಕೈ ಅಡ್ಡ ಹಿಡಿದರಲ್ಲ, ಅದು ಒಸಾಕಾ ಗುಣ. ಟೋಕಿಯೊದಲ್ಲಿ ಆಗಿದ್ದರೆ ಅವರಿಗೆ ಬೇಜಾರಾಗಿದೆ ಅಂತ ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

'ತೊಸಾತ್ಸು' ಅಂತ ಒಂದು ಪದ ಇದೆ. ಕದ್ದು ಫೋಟೋ ತೆಗೆಯುವುದು. ಸ್ಟೇಷನ್ನಿನ ಎಸ್ಕಲೇಟರ್ ಪಕ್ಕ ಇದರ ಬಗ್ಗೆ ಪೊಲೀಸರ ಪೋಸ್ಟರ್ ಇರುತ್ತೆ. ಮೆಟ್ಟಿಲಲ್ಲಿ, ರೈಲಿನಲ್ಲಿ ಹೆಣ್ಣುಮಕ್ಕಳ ಫೋಟೋ ತೆಗೆಯುವವರ ಕಾಟ ಅಷ್ಟು. ಇಲ್ಲಿ ಕೊಂಡ ಬಹುತೇಕ ಫೋನುಗಳಲ್ಲಿ ಕ್ಯಾಮೆರಾ ಸದ್ದು ನಿಲ್ಲಿಸಲು ಆಗುವುದಿಲ್ಲ, ಗೊತ್ತಾ? ಅದು ಕಾನೂನು ಅಲ್ಲ, ಫೋನ್ ಕಂಪನಿಗಳು ತಾವೇ ಮಾಡಿಕೊಂಡ ಪದ್ಧತಿ. ಮಗ ಮಲಗಿದಾಗ ಒಂದು ಫೋಟೋ ತೆಗೆಯೋಣ ಅಂದರೆ ಕಟಕ್ ಅಂತ ಸದ್ದಾಗಿ ಎದ್ದೇಬಿಡುತ್ತಿದ್ದ. ಟಿವಿ ನ್ಯೂಸಿನಲ್ಲಿ ರಸ್ತೆ ತೋರಿಸುವಾಗಲೂ ಎಷ್ಟೋ ಸಲ ಬರೀ ಕಾಲುಗಳು, ಇಲ್ಲಾ ಮುಖಕ್ಕೆ ಮಸುಕು. ಇಂಥ ಕಡೆ ಕೈಯಲ್ಲಿ ಕ್ಯಾಮೆರಾ ಹಿಡಿದವನನ್ನು ಜನ ಕಲಾವಿದ ಅಂತ ಮೊದಲು ನೋಡುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಶಿನ್‌ಸೆಕಾಯಿಯಿಂದ ದಕ್ಷಿಣಕ್ಕೆ ಶಿನ್‌ಇಮಾಮಿಯಾ ಸ್ಟೇಷನ್ ದಾಟಿದರೆ ಕಾಮಾಗಾಸಾಕಿ. ದಿನಗೂಲಿಗಳ ಜಾಗ. ಮನೆಯಿಲ್ಲದವರೂ ಇದ್ದಾರೆ. ಎಷ್ಟೋ ಜನ ಊರು, ಮನೆ ಬಿಟ್ಟು ಬಂದವರು, ತಾವಿಲ್ಲಿದ್ದೇವೆ ಅಂತ ಯಾರಿಗೂ ಗೊತ್ತಾಗಬಾರದು ಅಂತ ಇರುವವರು. ಅಲ್ಲಿ ಮುಖಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಇನ್ನೂ ಸ್ವಲ್ಪ ಆಚೆ ಟೊಬಿಟಾ ಶಿಂಚಿ. ಅಲ್ಲಿ ನಡೆಯುವುದು ಮೈ ಮಾರುವ ವ್ಯಾಪಾರ, ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಮೆರಾ ಚೀಲದಿಂದ ಹೊರಗೇ ಬರಬಾರದು. ಹಾಗೇ ಶಾಲೆ ಮಕ್ಕಳು. ಹಳದಿ ಟೋಪಿ, ಬೆನ್ನ ಮೇಲೆ ಅವರಿಗಿಂತ ದೊಡ್ಡ ರಾಂದೊಸೆರು ಚೀಲ, ಸಾಲಾಗಿ ಹೋಗುತ್ತಿರುತ್ತವೆ. ನೋಡಲು ಮುದ್ದು. ನೋಡಿ, ಬಿಟ್ಟುಬಿಡಿ.

ತಾತನ ಫೋಟೋ ಬಗ್ಗೆ: ಎಲ್ಲೂ ಹಾಕಬೇಡಿ. ಅಳಿಸಬೇಕಾ ಅಂದರೆ... ಅದನ್ನು ಹೇಳಲು ನನಗೂ ಬಾಯಿ ಬರುತ್ತಿಲ್ಲ.

ಕೋರ್ಟು_ಕಟ್ಟೆ:

ನಾನು ವಕೀಲ, ಆದರೆ ತುಮಕೂರಿನ ವಕೀಲ, ಜಪಾನಿನವನಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ.

ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯುವುದೇ ಅಪರಾಧ ಅನ್ನುವ ಕಾನೂನು ಅಲ್ಲಿ ಇಲ್ಲ. ಆದರೆ 'ಶೋಝೋಕೆನ್' ಅಂತ ಒಂದು ಹಕ್ಕು ಇದೆ. ತನ್ನ ಮುಖದ ಮೇಲೆ ತನಗಿರುವ ಹಕ್ಕು ಅನ್ನಿ. ಇದಕ್ಕೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ, ಕೋರ್ಟುಗಳು ತೀರ್ಪಿನ ಮೇಲೆ ತೀರ್ಪು ಇಟ್ಟು ಕಟ್ಟಿದ್ದು. ಕ್ಯೋಟೊದ ವಿದ್ಯಾರ್ಥಿ ಮೆರವಣಿಗೆಯಲ್ಲಿ ಪೊಲೀಸರು ಫೋಟೋ ತೆಗೆದ ಕೇಸು ಅವರ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1969ರ ಡಿಸೆಂಬರಿನಲ್ಲಿ ತೀರ್ಪು. ಒಪ್ಪಿಗೆ ಇಲ್ಲದೆ, ಕಾರಣ ಇಲ್ಲದೆ ತನ್ನ ಮುಖದ ಫೋಟೋ ತೆಗೆಯದಿರಲಿ ಅನ್ನುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಅದು ಸಂವಿಧಾನದ 13ನೇ ವಿಧಿಯೊಳಗೆ ಬರುತ್ತದೆ ಅಂದಿತು. ತಮಾಷೆ ಏನೆಂದರೆ ಆ ಕೇಸಿನಲ್ಲಿ ಗೆದ್ದದ್ದು ಪೊಲೀಸರೇ. ಕಣ್ಣೆದುರೇ ಅಪರಾಧ ನಡೆಯುತ್ತಿತ್ತು, ಸಾಕ್ಷಿಗೆ ಫೋಟೋ ಬೇಕಿತ್ತು ಅಂತ.

2005ರಲ್ಲಿ ಇನ್ನೊಂದು ತೀರ್ಪು ಬಂತು. ಯಾರ ಫೋಟೋ, ಎಲ್ಲಿ, ಏನು ಮಾಡುತ್ತಿದ್ದಾಗ, ಯಾಕೆ ತೆಗೆದದ್ದು, ಹೇಗೆ ತೆಗೆದದ್ದು, ಇದನ್ನೆಲ್ಲ ತೂಗಿ ನೋಡಿ, ಒಬ್ಬ ಮನುಷ್ಯ ಸಹಿಸಿಕೊಳ್ಳಬಹುದಾದ ಮಿತಿ ದಾಟಿದೆಯಾ ಅಂತ ತೀರ್ಮಾನಿಸಬೇಕು ಅಂತ. ಈಗ ಇದೇ ಅಳತೆಗೋಲು.

ನಿಮಗೆ ಹತ್ತಿರದ ಕೇಸು ಬೇರೊಂದಿದೆ. ಟೋಕಿಯೊದ ಗಿಂಜಾದಲ್ಲಿ ಒಬ್ಬ ಮಹಿಳೆ ನಡೆದು ಹೋಗುತ್ತಿದ್ದರು. ಬೀದಿ ಫ್ಯಾಷನ್ ತೋರಿಸುವ ಒಂದು ವೆಬ್‌ಸೈಟಿನವರು ಕೇಳದೆ ಅವರ ಫೋಟೋ ತೆಗೆದು ಹಾಕಿದರು. ಮುಖ ಸ್ಪಷ್ಟ, ಅವರೊಬ್ಬರೇ. ಟೋಕಿಯೊ ಜಿಲ್ಲಾ ಕೋರ್ಟು 2005ರ ಸೆಪ್ಟೆಂಬರಿನಲ್ಲಿ 3 ಲಕ್ಷ 50 ಸಾವಿರ ಯೆನ್ ಪರಿಹಾರ ಕೊಡಿ ಅಂತ ಹೇಳಿತು. ಬೀದಿಯೇ, ಹಗಲೇ, ಉದ್ದೇಶವೂ ಕೆಟ್ಟದ್ದಲ್ಲ. ಆದರೂ.

ಅಕ್ಕ ಹೇಳಿದ ತೊಸಾತ್ಸು ಬೇರೆ ವಿಷಯ. ಅದಕ್ಕೆ 2023ರ ಜುಲೈಯಿಂದ ದೇಶಕ್ಕೆಲ್ಲ ಒಂದೇ ಕಾನೂನು. ಮೂರು ವರ್ಷದವರೆಗೆ ಜೈಲು, ಇಲ್ಲಾ 30 ಲಕ್ಷ ಯೆನ್‌ವರೆಗೆ ದಂಡ. ಅದು ಅಶ್ಲೀಲವಾಗಿ ಕದ್ದು ತೆಗೆಯುವವರಿಗೆ. ತಾತನ ಶೋಗಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾಗಿ ನನ್ನ ಪ್ರಕಾರ ನಿಮ್ಮ ಕ್ಯಾಮೆರಾದೊಳಗೆ ಇದ್ದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ನಾಲ್ಕು ಜನ ನೋಡುವ ಕಡೆ ಹಾಕಿದಿರೋ, ಅಲ್ಲಿಂದ ಬಿಗಿ. ಅದರಲ್ಲೂ ನಿಮ್ಮದು ವಿಚಿತ್ರ. 'ಅವರು ಬೇಡ ಅನ್ನಲಿಲ್ಲ' ಅಂತ ವಾದ ಮಾಡುವ ಹಾಗೂ ಇಲ್ಲ. ಬೇಡ ಅಂದದ್ದಕ್ಕೆ ಫೋಟೋವೇ ಸಾಕ್ಷಿ!

ಕರಿಬಿಳಿ:

ಎಲ್ಲರೂ ಹೀಗೆ ಹೆದರಿಸಿದರೆ ಬೀದಿ ಫೋಟೋ ಅನ್ನುವುದೇ ಇರುತ್ತಿರಲಿಲ್ಲ. ಜಪಾನಿನ ಹೆಸರಾಂತ ಬೀದಿ ಫೋಟೋಗ್ರಾಫರ್ ಮೊರಿಯಾಮಾ ದೈದೊ ಟೋಕಿಯೊದ ಶಿಂಜುಕುವಿನಲ್ಲಿ ಪ್ರತಿಯೊಬ್ಬರ ಹತ್ತಿರ ಸಹಿ ಹಾಕಿಸಿಕೊಂಡು ಫೋಟೋ ತೆಗೆದರಾ? ಕೇಳಿದ ಕ್ಷಣಕ್ಕೆ ಮುಖ ಬದಲಾಗುತ್ತೆ. ಹಲ್ಲು ಕಿರಿದು ಎರಡು ಬೆರಳು ಎತ್ತುತ್ತಾರೆ. ಜಪಾನಿನಲ್ಲಂತೂ ಗ್ಯಾರಂಟಿ. ಆ ಫೋಟೋ ಯಾರಿಗೆ ಬೇಕು? ನನ್ನ ಮತ ಕೇಳಿದರೆ ಹಾಕಬೇಕು. ತಾತ ಬೇಡ ಅಂದಿದ್ದೇ ಆ ಫೋಟೋದ ವಿಷಯ. ಅದನ್ನು ಮುಚ್ಚಿಟ್ಟರೆ ಅದು ಫೋಟೋವೇ ಅಲ್ಲ.

ಮಸೂರ_ಮೈಸೂರು:

ಕರಿಬಿಳಿಯವರೇ, ಮೊರಿಯಾಮಾ ಹೆಸರು ತಂದಿರಿ, ಹಾಗಾಗಿ ಈ ಮುದುಕನೂ ಬಾಯಿ ಹಾಕಬೇಕಾಯಿತು. ನನಗೆ 68.

ಜಪಾನಿನವರು ಇದನ್ನು 'ಸುನಾಪ್ಪು' ಅನ್ನುತ್ತಾರೆ. ಸ್ನ್ಯಾಪ್ ಅನ್ನುವುದೇ ಅವರ ಬಾಯಲ್ಲಿ ಹೀಗಾಗಿದೆ. ನಿನ್ನೆ ಮೊನ್ನೆಯದಲ್ಲ. ಕಿಮುರಾ ಇಹೆಯಿ ಅಂತ, 1901ರಲ್ಲಿ ಹುಟ್ಟಿದವರು, ಲೈಕಾ ಕ್ಯಾಮೆರಾ ಹಿಡಿದು ಟೋಕಿಯೊ ಬೀದಿಗಳಲ್ಲಿ ಓಡಾಡಿದವರು. ಅವರ ಹೆಸರಲ್ಲಿ 1975ರಿಂದ ಪ್ರತಿ ವರ್ಷ ಕೊಡುವ ಪ್ರಶಸ್ತಿ ಅಲ್ಲಿನ ಹೊಸ ಫೋಟೋಗ್ರಾಫರುಗಳಿಗೆ ದೊಡ್ಡ ಗೌರವ. ಅವರ ಕಾಲದವರೇ ದೊಮೊನ್ ಕೆನ್. ಜೋಡಿಸಬಾರದು, ನಿಲ್ಲಿಸಬಾರದು, ಇದ್ದದ್ದು ಇದ್ದ ಹಾಗೆ ಅನ್ನುವ ಹಟದವರು. ಆಮೇಲೆ ಮೊರಿಯಾಮಾ. ದಾರಿಹೋಕರೇ, ಅವರು ನೀವಿರುವ ಕಡೆಯವರೇ. ಒಸಾಕಾದ ಪಕ್ಕದ ಇಕೆದಾದಲ್ಲಿ 1938ರಲ್ಲಿ ಹುಟ್ಟಿ, 1961ರಲ್ಲಿ ಟೋಕಿಯೊಗೆ ಹೋದವರು. ಅವರ ಗುಂಪಿನ ಫೋಟೋಗಳಿಗೆ 'ಅರೆ, ಬುರೆ, ಬೊಕೆ' ಅಂತ ಹೆಸರಾಯಿತು. ಒರಟು, ಅಲುಗಾಟ, ಮಸುಕು. ನಮ್ಮ ಹುಡುಗರು ದಿನಕ್ಕೆ ಹತ್ತು ಸಲ 'ಬೊಕೆ ಚೆನ್ನಾಗಿದೆ' ಅನ್ನುತ್ತಾರಲ್ಲ, ಅದು ಜಪಾನಿ ಪದ ಅಂತ ಎಷ್ಟು ಜನಕ್ಕೆ ಗೊತ್ತೋ. ಒಸಾಕಾದ ಹಾಸ್ಯ ಜೋಡಿಗಳಲ್ಲಿ ಪೆದ್ದನ ಪಾತ್ರಕ್ಕೂ 'ಬೊಕೆ' ಅನ್ನುತ್ತಾರೆ. ಹಾಗಾಗಿ ಅಲ್ಲಿ ಜೋರಾಗಿ ಅನ್ನಬೇಡಿ.

ವಿಷಯಕ್ಕೆ ಬರುತ್ತೇನೆ. ಅವರ ಫೋಟೋಗಳು ಪುಸ್ತಕದಲ್ಲಿ, ಗ್ಯಾಲರಿಯಲ್ಲಿ ಇದ್ದವು. ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುತ್ತಿದ್ದವು. ಈಗ ನೀವು ಮಧ್ಯಾಹ್ನ ಹಾಕಿದ್ದು ಸಂಜೆಯೊಳಗೆ ತಾತನ ಮೊಮ್ಮಗಳ ಫೋನಿಗೆ ಬರುತ್ತದೆ. ಬೀದಿ ಅದೇ, ಆದರೆ ಬೀದಿಯಿಂದ ಫೋಟೋ ಎಲ್ಲಿಗೆ ಹೋಗುತ್ತೆ ಅನ್ನುವುದು ಬದಲಾಗಿದೆ.

ಮತ್ತೆ ಆರು ಫ್ರೇಮ್! ಎಂಬತ್ತರ ದಶಕದಲ್ಲಿ ನಾನು ದೇವರಾಜ ಮಾರುಕಟ್ಟೆಯಲ್ಲಿ ತಿಂಗಳಿಗೆ ಒಂದು ರೋಲ್, ಮೂವತ್ತಾರು ಫ್ರೇಮ್ ತೆಗೆಯುತ್ತಿದ್ದೆ. ಒಬ್ಬರೇ ತಾತನ ಮೇಲೆ ಆರು ಸುರಿಯುವ ಶ್ರೀಮಂತಿಕೆ ನಮಗೆ ಎಲ್ಲಿತ್ತು? ಒಂದು ತೆಗೆದು, ಕ್ಯಾಮೆರಾ ಇಳಿಸಿ, ಕಣ್ಣಲ್ಲಿ ಕಣ್ಣಿಟ್ಟು ನಕ್ಕಿದ್ದರೆ ತಾತನ ಕೈ ಅಡ್ಡ ಬರುತ್ತಿತ್ತೋ ಇಲ್ಲವೋ. (ಬರದಿದ್ದರೆ ನಿಮ್ಮ ಒಳ್ಳೆಯ ಫೋಟೋವೂ ಇರುತ್ತಿರಲಿಲ್ಲ, ಅದು ಬೇರೆ ಮಾತು.)

ನಾನಾದರೆ ಪ್ರಿಂಟ್ ಹಾಕಿಸಿ ತಾತನಿಗೆ ಕೊಂಡುಹೋಗಿ ಕೊಡುತ್ತೇನೆ. ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವ ಒಬ್ಬರು ನನ್ನನ್ನು ಕಂಡರೆ ಎಲೆ ಮೇಲೆ ನೀರು ಚಿಮುಕಿಸುವ ನೆಪದಲ್ಲಿ ನನ್ನ ಮೇಲೂ ಚಿಮುಕಿಸುತ್ತಿದ್ದರು. ಕ್ಯಾಮೆರಾ ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಅವರ ಕೈಗಳ ಫೋಟೋ, ಬರೀ ಕೈ, ಎಲೆ ಎಣಿಸುತ್ತಿರುವುದು, ಪ್ರಿಂಟ್ ಮಾಡಿ ಕೊಟ್ಟೆ. ಆಮೇಲೆ ನೀರು ನಿಂತಿತು. ಎಲೆ ಬೆಲೆ ಮಾತ್ರ ಕಡಿಮೆ ಮಾಡಲಿಲ್ಲ.

ಕರಿಬಿಳಿ:

ಸರ್, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೂ ಕೈಗಳ ಫೋಟೋ, ಬೆನ್ನಿನ ಫೋಟೋ, ಛತ್ರಿ ಹಿಂದಿನ ನೆರಳು ಇದೇ ಆಗಿಹೋಗಿದೆ. ಈಗಿನ ಜಪಾನ್ ಬೀದಿ ಫೋಟೋ ಅಂದರೆ ಪಾರದರ್ಶಕ ಛತ್ರಿ, ನಿಯಾನ್ ಬೆಳಕು, ಒದ್ದೆ ರಸ್ತೆ. ಮನುಷ್ಯರೇ ಇಲ್ಲ. ಸುಂದರ, ಆದರೆ ಖಾಲಿ.

ನಿಶಿಕಸಾಯಿ_ಅಕ್ಕ:

ಕರಿಬಿಳಿ, ಒಂದು ಕಥೆ ಹೇಳುತ್ತೇನೆ. ಒಂದು ದೀಪಾವಳಿಗೆ ರೇಷ್ಮೆ ಸೀರೆ ಉಟ್ಟು ಸ್ಟೇಷನ್ ಮುಂದೆ ನಿಂತಿದ್ದೆ. ಮೂರು ವಾರ ಆದ ಮೇಲೆ ಆಫೀಸಿನ ಗೆಳತಿ ಒಂದು ಲಿಂಕ್ ಕಳಿಸಿ "ಇದು ನೀನೇ ಅಲ್ವಾ?" ಅಂದಳು. ಯಾರೋ ಹವ್ಯಾಸಿಯ ಫೋಟೋ ಪುಟ. ನಾನೇ. ಕಪ್ಪು ಬಿಳುಪು. ದೂರದಿಂದ ತೆಗೆದದ್ದು. ಕೆಳಗೆ ಶೀರ್ಷಿಕೆ: 'ಪರದೇಶದ ಒಂಟಿತನ'.

ನಾನು ಗಂಡನಿಗೆ ಕಾಯುತ್ತಿದ್ದೆ. ಅವರು ಪಾಯಸಕ್ಕೆ ಹಾಲು ತರಲು ಹೋಗಿದ್ದರು. ತಡ ಮಾಡಿದರು ಅಂತ ಸಿಟ್ಟು ಬಂದಿತ್ತು, ಅಷ್ಟೇ.

ಫೋಟೋ ಚೆನ್ನಾಗಿಯೇ ಇತ್ತು. ಅದೇ ಕಿರಿಕಿರಿ. ನೂರಾರು ಜನ ನನ್ನನ್ನು ನೋಡಿ 'ಪಾಪ' ಅಂದಿದ್ದರು. ಆ ಸೀರೆ ಮೈಸೂರು ಸಿಲ್ಕ್, ಅಮ್ಮ ಕೊಡಿಸಿದ್ದು. ಕಪ್ಪು ಬಿಳುಪಲ್ಲಿ ಅದರ ಬಣ್ಣವೂ ಹೋಗಿತ್ತು.

ನೀವು 'ತಾತ ಬೇಡ ಅಂದಿದ್ದೇ ಫೋಟೋದ ವಿಷಯ' ಅಂದಿರಿ. ಅದು ನಿಮ್ಮ ವಿಷಯ. ತಾತನ ವಿಷಯ ಶೋಗಿ.

ಕರಿಬಿಳಿ:

ಹ್ಮ್. ಇದಕ್ಕೆ ಉತ್ತರ ಇಲ್ಲ ಅಕ್ಕ.

ಧಾರವಾಡ_ಮಳೆ:

ದಾರಿಹೋಕ ಅವರೇ, ಇನ್ನೊಂದು. ನೀವು ಬರೆದದ್ದನ್ನು ಓದಿ ನನಗ ಆ ಫೋಟೋ ಕಣ್ಣಿಗೆ ಕಟ್ಟಿಬಿಟ್ಟಿತು. ಟೋಪಿ, ಕೈ, ಗಾಜು ಎಲ್ಲಾ. ಅಂದಮ್ಯಾಲೆ ಇದೂ ಒಂಥರಾ ಹಾಕಿದ್ಹಂಗ ಅಲ್ಲೇನ್ರಿ?

ದಾರಿಹೋಕ:

ಅಯ್ಯೋ. ಇದನ್ನು ಯೋಚಿಸಿರಲೇ ಇಲ್ಲ.

ಮೊದಲ_ಪಾಸ್‌ಪೋರ್ಟ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಏಪ್ರಿಲ್‌ನಲ್ಲಿ ಅಮ್ಮನ ಜೊತೆ ಒಸಾಕಾ, ಕ್ಯೋಟೊಗೆ ಹೋಗುತ್ತಿದ್ದೇನೆ. ಕ್ಯೋಟೊದ ಗಿಯೋನ್‌ನಲ್ಲಿ ಗೇಯಿಶಾ ಫೋಟೋ ಸಿಗುತ್ತಾ? ಯಾವ ಸಮಯಕ್ಕೆ ಹೋಗಬೇಕು? ನನ್ನ ಹತ್ತಿರ ದೂರದ್ದನ್ನು ಹತ್ತಿರ ತರುವ 70-300 ಲೆನ್ಸ್ ಇದೆ.

ನಿಶಿಕಸಾಯಿ_ಅಕ್ಕ:

ಆ ಲೆನ್ಸನ್ನು ಮನೆಯಲ್ಲೇ ಬಿಟ್ಟು ಹೋಗಿ. ನಿಮಗೂ ಭಾರ, ಅವರಿಗೂ ಭಾರ.

ಕ್ಯೋಟೊದಲ್ಲಿ ಈ ಹಾಡು-ಕುಣಿತದ ಕಲಾವಿದೆಯರನ್ನು ಗೆಯ್ಕೊ ಅನ್ನುತ್ತಾರೆ, ಕಲಿಯುತ್ತಿರುವ ಹುಡುಗಿಯರನ್ನು ಮೈಕೊ. ಸಂಜೆ ಹೊತ್ತಲ್ಲಿ ಕೆಲಸಕ್ಕೆ ಹೋಗುತ್ತಿರುತ್ತಾರೆ. ಹೊತ್ತಿಗೆ ಸರಿಯಾಗಿ ತಲುಪಬೇಕು, ಕಾಲಲ್ಲಿ ಮರದ ಎತ್ತರದ ಚಪ್ಪಲಿ, ಮುಂದೆ ಇಪ್ಪತ್ತು ಜನ ಫೋನ್ ಹಿಡಿದು ಹಿಮ್ಮುಖ ಓಡುತ್ತಿರುತ್ತಾರೆ. ತೋಳು ಹಿಡಿದು ಎಳೆದವರೂ ಇದ್ದಾರೆ. ಅಲ್ಲಿನ ನಿವಾಸಿಗಳಿಗೆ ಸಾಕಾಗಿ 2019ರಲ್ಲಿ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ಅಂತ ಫಲಕ ಹಾಕಿದರು. ಅದೂ ಸಾಲದೆ 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗರು ಬರುವುದೇ ಬೇಡ ಅಂದರು. ದೊಡ್ಡ ಬೀದಿ ಹನಾಮಿಕೋಜಿಯಲ್ಲಿ ನಡೆಯಬಹುದು. ಅಮ್ಮನ ಜೊತೆ ನಿಧಾನಕ್ಕೆ ನಡೆಯಿರಿ. ಯಾರಾದರೂ ಎದುರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಿ.

ಫೋಟೋ ಬೇಕೇ ಬೇಕು ಅಂದರೆ ಹತ್ತು ನಿಮಿಷ ನಡೆದು ಕಾಮೊ ನದಿಗೆ ಹೋಗಿ. ಸಂಜೆ ದಂಡೆಯ ಮೇಲೆ ಜೋಡಿಗಳು ಕೂತಿರುತ್ತವೆ. ಯಾರೋ ಸ್ಕೇಲ್ ಇಟ್ಟು ಅಳೆದ ಹಾಗೆ ಒಂದೇ ಅಂತರ. ಹೊಸ ಜೋಡಿ ಬಂದರೆ ಎರಡು ಜೋಡಿಗಳ ಸರಿಯಾಗಿ ನಡುವೆ ಕೂರುತ್ತೆ. ಕ್ಯೋಟೊದವರೇ ಇದನ್ನು 'ಸಮಾನ ಅಂತರದ ನಿಯಮ' ಅಂತ ತಮಾಷೆ ಮಾಡುತ್ತಾರೆ. ಸೇತುವೆ ಮೇಲಿಂದ ತೆಗೆದರೆ ಬರೀ ಬೆನ್ನುಗಳು. ಕರಿಬಿಳಿಗೆ ಬೆನ್ನು ಹಿಡಿಸುವುದಿಲ್ಲ, ಆದರೆ ಆ ಬೆನ್ನುಗಳು ಮಾತಾಡುತ್ತವೆ!

ಮೊದಲ_ಪಾಸ್‌ಪೋರ್ಟ್:

ಧನ್ಯವಾದ ಅಕ್ಕ. 300 ಮನೆಯಲ್ಲೇ ಇರುತ್ತೆ. ಅಮ್ಮನಿಗೆ ಬೆನ್ನುಗಳ ಕಥೆ ಹೇಳಿದೆ. "ಅವರು ಮನೆಗೆ ಹೋಗೋದು ಯಾವಾಗ?" ಅಂದರು.

ಕರಿಬಿಳಿ:

ಇದು ನನಗೂ ಗೊತ್ತಿರುವ ಕ್ಷೇತ್ರ. ಪಾಸ್‌ಪೋರ್ಟ್ ಅವರೇ, ಚಿಕ್ಕ ಕ್ಯಾಮೆರಾ ಒಯ್ಯಿರಿ. ರಿಕೋ ಜಿಆರ್ ಥರದ್ದು, ಅಥವಾ ನಿಮ್ಮ ಕ್ಯಾಮೆರಾಗೆ ಸಣ್ಣ 28 ಲೆನ್ಸ್. ಜಿಆರ್ ಆದರೆ ಸ್ನ್ಯಾಪ್ ಫೋಕಸ್, ಅಂದರೆ ಮೊದಲೇ ಗೊತ್ತುಮಾಡಿದ ಫೋಕಸ್ ದೂರ, 2 ಮೀಟರಿಗೆ ಇಟ್ಟು, ಎಫ್ 8ರಲ್ಲಿ ತೆಗೆದರೆ ಒಂದು ಮೀಟರಿನಿಂದ ಓಣಿಯ ಆ ತುದಿ ತನಕ ಬಹುಪಾಲು ಎಲ್ಲಾ ಸ್ಪಷ್ಟ. ಫೋಕಸ್ ಹುಡುಕುತ್ತಾ ಯಾರ ಮುಖದ ಮುಂದೆಯೂ ನಿಲ್ಲಬೇಕಾಗಿಲ್ಲ. ಒಸಾಕಾದಲ್ಲಿ ತೆಂಜಿನ್‌ಬಾಶಿಸುಜಿ ಅಂತ ಸೂರು ಹೊದ್ದ ಅಂಗಡಿ ಬೀದಿ ಇದೆ, 2.6 ಕಿಲೋಮೀಟರ್ ಉದ್ದ. ಮಳೆ ಬಂದರೂ ತೊಂದರೆ ಇಲ್ಲ. ನಾನು ಹೋದಾಗ ಅರ್ಧ ದಿನ ಅಲ್ಲೇ ಕಳೆದೆ.

ಮತ್ತೆ ಇನ್ನೊಂದು, ಅಕ್ಕನ ಮಾತು ತಲೆಯಲ್ಲಿ ಸುತ್ತುತ್ತಿದೆ. 2020ರಲ್ಲಿ ಒಂದು ಕ್ಯಾಮೆರಾ ಕಂಪನಿಯ ಪ್ರಚಾರದ ವಿಡಿಯೋ ಬಂದಿತ್ತು. ಟೋಕಿಯೊ ಬೀದಿಯಲ್ಲಿ ಒಬ್ಬರು ಎದುರು ಬರುವವರ ಮುಖಕ್ಕೆ ಕ್ಯಾಮೆರಾ ಹಿಡಿದು ತೆಗೆಯುತ್ತಾ ಹೋಗುತ್ತಾರೆ. ಜನ ಬೈದರು, ಕಂಪನಿ ವಿಡಿಯೋ ತೆಗೆದುಹಾಕಿತು. ಆಗ ನಾನು ಇಂಥ ಕಡೆಯೇ ಫೋಟೋಗ್ರಾಫರ್ ಪರ ದೊಡ್ಡದಾಗಿ ವಾದ ಮಾಡಿದ್ದೆ. ಫೋಟೋಗಳು ಚೆನ್ನಾಗಿದ್ದವು, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಆ ವಿಡಿಯೋದಲ್ಲಿ ನಾನು ಫೋಟೋ ತೆಗೆಯುವವರನ್ನೇ ನೋಡುತ್ತಿದ್ದೆ. ಕೈ ಅಡ್ಡ ಹಿಡಿದು ಸರಿದು ಹೋದವರನ್ನು ನೋಡಿಯೇ ಇರಲಿಲ್ಲ.

ದಾರಿಹೋಕ:

ಮಸೂರ ಸರ್, ನಿಮ್ಮ ಮಾತು ಕೇಳುತ್ತೇನೆ. ಪ್ರಿಂಟ್ ಎಲ್ಲಿ ಹಾಕಿಸಲಿ? ಸ್ಟುಡಿಯೋ ಹುಡುಕಬೇಕಾ?

ನಿಶಿಕಸಾಯಿ_ಅಕ್ಕ:

ಬೇಡ. ಸೆವೆನ್ ಇಲೆವೆನ್‌ನಲ್ಲಿ ದೊಡ್ಡ ಕಾಪಿ ಮೆಷಿನ್ ಇರುತ್ತೆ. ಅದರಲ್ಲೇ ಫೋಟೋ ಪ್ರಿಂಟ್ ಬರುತ್ತೆ. ಎಲ್ ಸೈಜ್ ಅಂತ ಒತ್ತಿ, ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ಚಿಕ್ಕದು. ನಾನು ಕೊನೆಯ ಸಲ ಹಾಕಿಸಿದಾಗ 40 ಯೆನ್. ಕೊಡುವಾಗ ಎರಡೂ ಕೈಯಲ್ಲಿ ಕೊಡಿ, "ಕೊರೆ, ದೋಝೊ" ಅನ್ನಿ. ಇದು, ತೆಗೆದುಕೊಳ್ಳಿ ಅಂತ. ಜಾಸ್ತಿ ವಿವರಿಸಲು ಹೋಗಬೇಡಿ.

ಧಾರವಾಡ_ಮಳೆ:

ಮತ್ತ ಅವರು ಆ ಫೋಟೋ ಹರಿದು ಒಗೆದರೆ?

ಮಸೂರ_ಮೈಸೂರು:

ಹರಿಯಲಿ. ಅವರ ಮುಖ, ಅವರ 40 ಯೆನ್.

ದಾರಿಹೋಕ:

ಹೋಗಿ ಬಂದೆ. ಉದ್ದ ಬರೆಯುತ್ತೇನೆ, ಬೈಯಬೇಡಿ.

ಬೆಳಗ್ಗೆ ಹನ್ನೊಂದಕ್ಕೆ ಹೋದರೆ ತಾತನ ಕುರ್ಚಿ ಖಾಲಿ. ಬೇರೆ ಇಬ್ಬರು ಆಡುತ್ತಿದ್ದರು. ಸುಮ್ನೆ ಸುತ್ತಾಡಿದೆ. ಹೊಟ್ಟೆ ಹಸಿದು ಕುಶಿಕಾತ್ಸು ಅಂಗಡಿಗೆ ಹೋದೆ. ಕಡ್ಡಿಗೆ ಚುಚ್ಚಿ ಕರಿದದ್ದು. ತಾವರೆ ದಂಟು ಸಿಕ್ಕಿತು. (ಸಸ್ಯಾಹಾರಿಗಳೇ, ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಎಣ್ಣೆ ಯಾವುದೋ. ನಾನು ಮೊಟ್ಟೆ ತಿನ್ನುತ್ತೇನೆ, ಎಣ್ಣೆ ವಿಷಯ ಕೇಳಲಿಲ್ಲ.) ಗೋಡೆ ಮೇಲೆ ಸಾಸಿಗೆ ಎರಡನೇ ಸಲ ಅದ್ದಬಾರದು ಅಂತ ಬರೆದಿತ್ತು. ಎಂಜಲು ಅನ್ನುವುದು ಇಲ್ಲೂ ಇದೆ ಅಂತ ಖುಷಿಯಾಯಿತು.

ಮೂರು ಗಂಟೆಗೆ ಮತ್ತೆ ಹೋದೆ. ತಾತ ಇದ್ದರು. ಅದೇ ಟೋಪಿ, ಅದೇ ಜಾಗ. ಕ್ಯಾಮೆರಾ ಚೀಲದೊಳಗೆ ಹಾಕಿ, ಚೀಲ ಬೆನ್ನಿಗೆ ಹಾಕಿ, ಬಾಗಿಲು ಸರಿಸಿ ಒಳಗೆ ಹೋದೆ. ಕೌಂಟರಿನಲ್ಲಿ ಒಬ್ಬ ಅಜ್ಜಿ. ಆಡುವುದಕ್ಕೆ ಬಂದೆ ಅಂದುಕೊಂಡು ದರದ ಫಲಕ ತೋರಿಸಿದರು. ನಾನು ತಾತನ ಕಡೆ ಕೈ ತೋರಿಸಿ, ಲಕೋಟೆ ತೋರಿಸಿ, ತಲೆ ಬಗ್ಗಿಸಿದೆ. ಏನು ಅರ್ಥವಾಯಿತೋ, ಹೋಗು ಅನ್ನುವ ಹಾಗೆ ಕೈ ಬೀಸಿದರು.

ತಾತನ ಪಕ್ಕ ನಿಂತು, ಎರಡೂ ಕೈಯಲ್ಲಿ, ಕೊರೆ ದೋಝೊ ಅಂದೆ. ಧ್ವನಿ ಪೂರ್ತಿ ಹೊರಡಲಿಲ್ಲ.

ಅವರು ಲಕೋಟೆಯಿಂದ ತೆಗೆದು, ಮೊದಲು ಕೈ ಚಾಚಿ ದೂರ ಹಿಡಿದು ನೋಡಿದರು. ಆಮೇಲೆ ಕನ್ನಡಕ ಹಣೆಗೆ ಏರಿಸಿ ಮೂಗಿನ ಹತ್ತಿರ ತಂದು ನೋಡಿದರು. ಒಂದು ನಿಮಿಷ ಆಗಿರಬೇಕು, ನನಗೆ ಒಂದು ಗಂಟೆ. ಆಮೇಲೆ ತಮ್ಮ ಮುಖದ ಮೇಲಲ್ಲ, ಗಾಜಿನಲ್ಲಿ ಕಾಣುವ ನನ್ನ ಪ್ರತಿಬಿಂಬದ ಮೇಲೆ ಬೆರಳಿಟ್ಟು, "ಕೊರೆ, ಅಂತಾ?" ಅಂದರು. ಇದು ನೀನಾ ಅಂತ. ಹೌದು ಅಂದೆ. ತಾತ ನಕ್ಕರು. ಫೋಟೋವನ್ನು ಎದುರಾಳಿಗೆ ತೋರಿಸಿದರು. ಎದುರಾಳಿ ಅರೆ ಕ್ಷಣ ನೋಡಿ, ಟಕ್ ಅಂತ ಕಾಯಿ ಕುಟ್ಟಿ, "ಓತೆ" ಅಂದರು. ಓತೆ ಅಂದರೆ ರಾಜನಿಗೆ ಚೆಕ್! ತಾತನ ನಗು ಅಲ್ಲಿಗೆ ನಿಂತಿತು.

ಆಟದ ಮಧ್ಯೆ ಸಿಕ್ಕ ಸಂದಿಯಲ್ಲಿ ನಾನು ಫೋನ್ ಎತ್ತಿ ತೋರಿಸಿ, "ನೆಟ್ಟೊ... ಓಕೆ?" ಅಂತ ಕೇಳಿದೆ. ಇಂಟರ್ನೆಟ್ಟಿಗೆ ಹಾಕಬಹುದಾ ಅನ್ನುವುದಕ್ಕೆ ನನಗೆ ಬಂದದ್ದು ಅಷ್ಟೇ. ತಾತ ಹಲಗೆಯಿಂದ ಕಣ್ಣು ತೆಗೆಯಲಿಲ್ಲ. ಎರಡು ತೋರುಬೆರಳು ಎತ್ತಿ ಒಂದರ ಮೇಲೊಂದು ಅಡ್ಡ ಇಟ್ಟರು. ಹೋದ ಸಲ ಎರಡು ತೋಳು, ಈ ಸಲ ಎರಡು ಬೆರಳು. ಫೋಟೋವನ್ನು ಮಾತ್ರ ಅಂಗಿ ಜೇಬಿಗೆ ಹಾಕಿಕೊಂಡರು.

ಹೊರಗೆ ಬರುವಾಗ ಕೌಂಟರಿನ ಅಜ್ಜಿ ಕರೆದು ಕೈಗೆ ಒಂದು ನಿಂಬೆ ಪೆಪ್ಪರಮೆಂಟು ಕೊಟ್ಟರು. ಯಾಕೆ ಅಂತ ಗೊತ್ತಾಗಲಿಲ್ಲ.

ನಿಶಿಕಸಾಯಿ_ಅಕ್ಕ:

ಒಸಾಕಾ ಅಜ್ಜಿಯರು ಎಲ್ಲರಿಗೂ ಕೊಡುತ್ತಾರೆ. ಅದಕ್ಕೆ 'ಅಮೆ-ಚಾನ್' ಅಂತ ಹೆಸರು. ಪೆಪ್ಪರಮೆಂಟಮ್ಮ ಅಂದ ಹಾಗೆ. ಯಾಕೆ ಅಂತ ಕೇಳಬಾರದು.

ಕೋರ್ಟು_ಕಟ್ಟೆ:

ತೆಗೆದದ್ದಕ್ಕೆ ಒಪ್ಪಿಗೆ, ಹಾಕುವುದಕ್ಕೆ ಇಲ್ಲ. ನಾನು ಅಷ್ಟುದ್ದ ಬರೆದದ್ದನ್ನು ತಾತ ಎರಡು ಬೆರಳಲ್ಲಿ ಹೇಳಿಬಿಟ್ಟರು.

ಕರಿಬಿಳಿ:

ಹಾಗಾದ್ರೆ ನಾವು ಆ ಫೋಟೋ ನೋಡೋದೇ ಇಲ್ವಾ?

ದಾರಿಹೋಕ:

ಇಲ್ಲ. ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತೇನೆ. ಮನೆಗೆ ಬನ್ನಿ, ಪ್ರಿಂಟ್ ತೋರಿಸುತ್ತೇನೆ. ಫೋನ್ ಹೊರಗಿಟ್ಟು ಬರಬೇಕು.

ಧಾರವಾಡ_ಮಳೆ:

ಪೇಡೆ ತರ್ತೀನ್ರಿ.

ಕರಿಬಿಳಿ:

ಸರಿ ಗುರು. ಶಟರ್ ಸ್ಪೀಡ್ ಎಷ್ಟಿತ್ತು, ಅದನ್ನಾದರೂ ಹೇಳು.

ದಾರಿಹೋಕ:

250ರಲ್ಲಿ ಒಂದು. ಐಎಸ್‌ಒ 1600. ತಾತನ ಕೈ ಸ್ವಲ್ಪ ಅಲುಗಿದೆ.

ಮಸೂರ_ಮೈಸೂರು:

ಬುರೆ.